ಸಾಸೇಜ್ ರೋಲ್ ಮತ್ತು ಬೆಂಗಳೂರಿನ ಪಫ್ಸ್

ಸಾಸೇಜ್ ರೋಲ್: ಉಪ್ಪು ಮಸಾಲೆ ಬೆರೆಸಿದ ಕೈಮಾವನ್ನು, ಎಂದರೆ ಸಣ್ಣಗೆ ಕೊಚ್ಚಿದ ಮಾಂಸವನ್ನು, ಬೆಣ್ಣೆ ಮತ್ತು ಮೈದಾದ ಪದರ ಹಿಟ್ಟಿನಲ್ಲಿ ಸುರುಳಿಯಾಗಿ ಸುತ್ತಿ ಓವನ್ನಿನಲ್ಲಿ ಬೇಯಿಸಿದ ಖಾರದ ತಿನಿಸು. ಬ್ರಿಟನ್ ಇದರ ಪ್ರಸಿದ್ಧ ನೆಲೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲೂ ಇದು ಮನೆಮಾತು. ಕರ್ನಾಟಕದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಇದರ ಅತಿ ಸಮೀಪದ ಬಂಧುವೆಂದರೆ ಬೇಕರಿಗಳಲ್ಲಿ ದೊರೆಯುವ ಪಫ್ಸ್. ಎರಡಕ್ಕೂ ಹೊರಗವಚ ಒಂದೇ. ಒಳಗಿನ ಹೂರಣ ಮಾತ್ರ ಊರಿನ ನಾಲಿಗೆಗೂ ತಿನ್ನುವವರ ಆಚಾರಕ್ಕೂ ತಕ್ಕಂತೆ ಬದಲಾಗಿ ಆಲೂಗೆಡ್ಡೆಯ ಪಲ್ಯ, ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಕುರಿಯ ಕೈಮಾ ಆಗಿದೆ. ಮನೆಯಲ್ಲಿ ತಯಾರಿಸುವವರಿಗೆ ಎರಡರ ಪಾಠವೂ ಒಂದೇ: ಕೊಬ್ಬು ತಣ್ಣಗಿರಬೇಕು, ಹೂರಣ ಒಣಗಿರಬೇಕು, ಓವನ್ ಚೆನ್ನಾಗಿ ಕಾದಿರಬೇಕು.

ಹಿನ್ನೆಲೆ

ಹಿಟ್ಟಿನ ಹಾಳೆಯೊಳಗೆ ಮಾಂಸವನ್ನಿಟ್ಟು ಬೇಯಿಸುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. ಹಿಟ್ಟು ಮತ್ತು ಬೆಣ್ಣೆಯನ್ನು ಮತ್ತೆ ಮತ್ತೆ ಮಡಿಸಿ ಲಟ್ಟಿಸಿ ನೂರಾರು ಪದರಗಳನ್ನು ಪಡೆಯುವ ವಿಧಾನ 17ನೆಯ ಶತಮಾನದ ಫ್ರೆಂಚ್ ಪಾಕಗ್ರಂಥಗಳ ಹೊತ್ತಿಗೆ ಸ್ಪಷ್ಟ ರೂಪ ಪಡೆದಿತ್ತು. ಈ ಪದರ ಹಿಟ್ಟಿನಲ್ಲಿ ಹಂದಿ ಮಾಂಸದ ಸಾಸೇಜ್ ಮಿಶ್ರಣವನ್ನು ಸುತ್ತಿದ ರೋಲ್ 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಅಗ್ಗದ ಬೀದಿ ತಿನಿಸಾಗಿ ಹರಡಿತು. 1939ರಲ್ಲಿ ಜಾನ್ ಗ್ರೆಗ್ ನ್ಯೂಕಾಸಲ್‌ನಲ್ಲಿ ಆರಂಭಿಸಿದ ವ್ಯಾಪಾರದಿಂದ ಬೆಳೆದ ಗ್ರೆಗ್ಸ್ ಬೇಕರಿ ಸರಣಿ ಇಂದು ಈ ತಿನಿಸಿಗೆ ಹೆಸರಾಗಿದ್ದು, 2019ರ ಜನವರಿಯಲ್ಲಿ ಅದು ಮಾಂಸವೂ ಹಾಲಿನ ಅಂಶವೂ ಇಲ್ಲದ ರೋಲನ್ನು ಮಾರುಕಟ್ಟೆಗೆ ತಂದಿತು.

ಪದರದ ಕಲ್ಪನೆ ಕರ್ನಾಟಕಕ್ಕೆ ಹೊರಗಿನದಲ್ಲ. ಮದುವೆಯೂಟದ ಚಿರೋಟಿಯಲ್ಲಿ ತೆಳ್ಳಗೆ ಲಟ್ಟಿಸಿದ ಪೂರಿಗಳ ಮೇಲೆ ತುಪ್ಪ ಮತ್ತು ಅಕ್ಕಿ ಹಿಟ್ಟು ಕಲಸಿದ ಲೇಪವನ್ನು ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ತುಂಡು ಮಾಡಿ, ಪ್ರತಿ ತುಂಡನ್ನೂ ಹಗುರವಾಗಿ ಲಟ್ಟಿಸಿ ಕರಿಯುತ್ತಾರೆ. ಎರಡು ಹಿಟ್ಟಿನ ಪದರಗಳು ಅಂಟಿಕೊಳ್ಳದಂತೆ ನಡುವೆ ಕೊಬ್ಬನ್ನಿಡುವುದು ಚಿರೋಟಿಗೂ ಪಫ್ಸಿಗೂ ಸಮಾನ. ಚಿರೋಟಿಯ ಪದರಗಳು ಕಾದ ಎಣ್ಣೆಯಲ್ಲಿ ಬಿಡಿಸಿಕೊಂಡರೆ ಪಫ್ಸಿನ ಪದರಗಳನ್ನು ಓವನ್ನಿನ ಶಾಖದಲ್ಲಿ ಹುಟ್ಟುವ ಹಬೆ ಮೇಲೆತ್ತುತ್ತದೆ.

ಬೆಂಗಳೂರಿನಲ್ಲಿ

ಬೆಂಗಳೂರಿಗೆ ಓವನ್ನಿನ ಅಡುಗೆ ಬಂದದ್ದು ಮುಖ್ಯವಾಗಿ 1809ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ದಂಡು ಪ್ರದೇಶದ ಮೂಲಕ. ದಂಡಿನ ಕಡೆಯ ಬೇಕರಿಗಳಲ್ಲಿ ಬ್ರೆಡ್ಡು, ಕೇಕಿನೊಂದಿಗೆ ಮಾಂಸದ ಹೂರಣದ ತಿನಿಸುಗಳೂ ನೆಲೆಯೂರಿದವು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ, 1902ರಷ್ಟು ಹಳೆಯ ಆಲ್ಬರ್ಟ್ ಬೇಕರಿ ಇಂದಿಗೂ ಕೈಮಾ ಹೂರಣದ ತಿನಿಸುಗಳಿಗೆ, ಅದರಲ್ಲೂ ರಂಜಾನ್ ತಿಂಗಳಲ್ಲಿ, ಹೆಸರುವಾಸಿ. ಪೇಟೆಯ ಕಡೆ ಇದೇ ಕಸುಬು ಬೇರೊಂದು ದಾರಿ ಹಿಡಿಯಿತು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬವೊಂದು 1898ರಲ್ಲಿ ಚಿಕ್ಕಪೇಟೆಯ ಪರಿಸರದಲ್ಲಿ ಆರಂಭಿಸಿದ ಬೆಂಗಳೂರು ಬ್ರದರ್ಸ್ ಬೇಕರಿಯನ್ನು, ಎಂದರೆ ಬಿ.ಬಿ. ಬೇಕರಿಯನ್ನು, ಅಯ್ಯಂಗಾರ್ ಬೇಕರಿಗಳ ಪರಂಪರೆಯ ಮೊದಲ ಕೊಂಡಿಯೆಂದು ಗುರುತಿಸುತ್ತಾರೆ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರಲ್ಲಿ ಶುರುವಾಯಿತು. ಮಾಂಸ ಮೊಟ್ಟೆಗಳನ್ನು ಬಿಟ್ಟು ಬ್ರೆಡ್ಡು, ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತುಗಳನ್ನು ತಯಾರಿಸಿದ ಈ ಬೇಕರಿಗಳು ಸಂಪ್ರದಾಯಸ್ಥ ಮನೆಗಳಿಗೂ ಓವನ್ನಿನ ತಿನಿಸನ್ನು ತಲುಪಿಸಿದವು. ದಂಡಿನಲ್ಲಿ ಕೈಮಾ ತುಂಬುತ್ತಿದ್ದ ಪದರ ಹಿಟ್ಟಿನೊಳಗೆ ಇಲ್ಲಿ ಆಲೂಗೆಡ್ಡೆ, ಕ್ಯಾರೆಟ್, ಹುರುಳಿಕಾಯಿ, ಬಟಾಣಿಗಳ ಖಾರದ ಪಲ್ಯ ಸೇರಿತು.

ನಗರದ ಪಶ್ಚಿಮ ಭಾಗ ಬೆಳೆದಂತೆ ಪಫ್ಸ್ ಕೂಡ ಅತ್ತ ಸಾಗಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವು 1973ರಲ್ಲಿ ಜ್ಞಾನಭಾರತಿ ಆವರಣಕ್ಕೆ ಬಂದ ಮೇಲೆ ಸುತ್ತಲಿನ ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳ, ಮರಿಯಪ್ಪನಪಾಳ್ಯಗಳು ಕ್ರಮೇಣ ಹಳ್ಳಿಯ ಚಹರೆ ಕಳೆದುಕೊಂಡು ಬಡಾವಣೆಗಳಾದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಈ ಬೆಳವಣಿಗೆಯನ್ನು ಇನ್ನಷ್ಟು ಹಿಗ್ಗಿಸಿತು. 2021ರ ಆಗಸ್ಟ್ ಕೊನೆಯಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಮೆಟ್ರೊ ನೇರಳೆ ಮಾರ್ಗ ತೆರೆದಾಗ ಜ್ಞಾನಭಾರತಿಗೆ ತನ್ನದೇ ನಿಲ್ದಾಣವೂ ದೊರೆಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತೆ ಇಲ್ಲೂ ಬಡಾವಣೆಯ ತಿರುವಿನಲ್ಲೊಂದು ಬೇಕರಿ ಇರುವುದು ವಾಡಿಕೆ. ಸಂಜೆಯ ಹೊತ್ತು ಬಲ್ಬಿನ ಬಿಸಿಯಿರುವ ಗಾಜಿನ ಪೆಟ್ಟಿಗೆಯಲ್ಲಿ ಪಫ್ಸ್ ಜೋಡಿಸಿಟ್ಟಿರುತ್ತಾರೆ. ಕೊಳ್ಳುವವರು ಹಳೆಯ ಪತ್ರಿಕೆಯ ತುಂಡಿನ ಮೇಲೋ ಪುಟ್ಟ ತಟ್ಟೆಯಲ್ಲೋ ಇಸಕೊಂಡು, ಮೇಲೆ ಟೊಮೆಟೊ ಸಾಸ್ ಹಿಂಡಿಸಿಕೊಂಡು, ಬೈಟು ಟೀಯೊಂದಿಗೆ ನಿಂತೇ ತಿನ್ನುತ್ತಾರೆ. ಅಯ್ಯಂಗಾರ್ ಎಂಬ ಹೆಸರಿನ ಬೋರ್ಡು ಇದ್ದರೂ ಈಗ ಅನೇಕ ಅಂಗಡಿಗಳಲ್ಲಿ ವೆಜ್ ಪಫ್ಸಿನ ಪಕ್ಕದಲ್ಲೇ ಎಗ್ ಪಫ್ಸ್ ಇರುತ್ತದೆ. ಕೇರಳ ಮೂಲದವರ ಬೇಕರಿಗಳು ಕೋಳಿಯ ಹೂರಣವನ್ನು ಹೆಚ್ಚು ಬಳಕೆಗೆ ತಂದಿವೆ. ಸಾಸೇಜ್ ರೋಲ್ ಎಂಬ ಹೆಸರಿನಲ್ಲಿ ಇಲ್ಲಿ ಸಿಗುವುದು ಬಹುಮಟ್ಟಿಗೆ ಮೊದಲೇ ಬೇಯಿಸಿದ ಇಡೀ ಕೋಳಿ ಸಾಸೇಜನ್ನು ಬ್ರೆಡ್ ಹಿಟ್ಟಿನಲ್ಲಿ ಅಥವಾ ಪದರ ಹಿಟ್ಟಿನಲ್ಲಿ ಸುತ್ತಿದ ತಿನಿಸು. ಬ್ರಿಟಿಷ್ ಮಾದರಿಯಲ್ಲಿ ಹಸಿ ಕೈಮಾವನ್ನೇ ತುಂಬಿ ಬೇಯಿಸುವುದು ಮನೆಯ ಅಡುಗೆಗೆ ಸೇರಿದ ಕೆಲಸ.

ಪದರ ಹಿಟ್ಟಿನ ತತ್ತ್ವ

ಪದರ ಹಿಟ್ಟಿಗೆ ಯೀಸ್ಟ್ ಬೇಡ, ಅಡುಗೆ ಸೋಡಾ ಬೇಡ. ಮೈದಾಕ್ಕೆ ನೀರು ಬೆರೆತಾಗ ಅದರಲ್ಲಿರುವ ಪ್ರೋಟೀನುಗಳು ಗ್ಲುಟೆನ್ ಎಂಬ ಎಳೆಯುವ ಗುಣದ ಜಾಲವಾಗುತ್ತವೆ. ಈ ಜಾಲದಿಂದಾಗಿ ಹಿಟ್ಟು ಹರಿಯದೆ ತೆಳ್ಳಗಾಗುತ್ತದೆ. ಹಿಟ್ಟಿನ ನಡುವೆ ಬೆಣ್ಣೆಯ ಹಲಗೆಯನ್ನಿಟ್ಟು, ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಹಾಕಿದರೆ ಬೆಣ್ಣೆಯ ಒಂದು ಪದರ ಮೂರಾಗುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಪದರಗಳು ಮೂರು ಪಟ್ಟಾಗಿ, ನಾಲ್ಕು ಸುತ್ತಿಗೆ 81, ಐದಕ್ಕೆ 243, ಆರಕ್ಕೆ 729 ಬೆಣ್ಣೆಯ ಪದರಗಳು ಉಂಟಾಗುತ್ತವೆ. ಐದು ಸುತ್ತಿನ ಹಿಟ್ಟನ್ನು ಮೂರೂವರೆ ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದಾಗ ಒಂದೊಂದು ಬೆಣ್ಣೆಯ ಪದರದ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುವುದರಿಂದ, ಸ್ವಲ್ಪ ಸೆಕೆಯಾದರೂ ಬೆಣ್ಣೆ ಕರಗಿ ಹಿಟ್ಟಿನಲ್ಲಿ ಬೆರೆತು ಪದರಗಳು ಅಳಿಸಿಹೋಗುತ್ತವೆ.

ಓವನ್ನಿನಲ್ಲಿ ಹಿಟ್ಟಿನ ನೀರೂ ಬೆಣ್ಣೆಯಲ್ಲಿರುವ ಅಲ್ಪ ನೀರೂ ಹಬೆಯಾಗುತ್ತವೆ. ನೀರು ಹಬೆಯಾದಾಗ ಅದರ ಗಾತ್ರ 1600 ಪಟ್ಟಿಗೂ ಹೆಚ್ಚಾಗುತ್ತದೆ. ಕರಗಿದ ಕೊಬ್ಬು ತಡೆಯೊಡ್ಡುವುದರಿಂದ ಹಬೆ ಸುಲಭವಾಗಿ ಹೊರಹೋಗಲಾರದೆ ಮೇಲಿನ ಪದರವನ್ನು ಎತ್ತುತ್ತದೆ, ಅಷ್ಟರಲ್ಲಿ ಪಿಷ್ಟ ಬೆಂದು ಗಟ್ಟಿಯಾಗಿ ಉಬ್ಬಿದ ಆಕಾರ ನಿಲ್ಲುತ್ತದೆ. ಓವನ್ ಕಾಯುವ ಮೊದಲೇ ಹಿಟ್ಟನ್ನು ಒಳಗಿಟ್ಟರೆ ಹಬೆ ಹುಟ್ಟುವ ಮುನ್ನವೇ ಬೆಣ್ಣೆ ಸೋರಿಹೋಗುತ್ತದೆ.

ಬೆಣ್ಣೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಲಟ್ಟಿಸಲು ಯೋಗ್ಯವಾದ ಹದ, ಎಂದರೆ ಬಾಗಿದರೂ ಮುರಿಯದ ಸ್ಥಿತಿ, ಅದಕ್ಕೆ ಸಿಗುವುದು 12ರಿಂದ 16 ಡಿಗ್ರಿಯ ನಡುವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಹವೆ ಈ ಹದಕ್ಕೆ ಹತ್ತಿರವಿರುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಶಾಖ 30 ಡಿಗ್ರಿ ದಾಟುವುದರಿಂದ ಬೆಳಗಿನ ಹೊತ್ತಿನಲ್ಲೇ ಲಟ್ಟಿಸಿ ಮುಗಿಸುವುದು ಮೇಲು. ಗ್ರಾನೈಟ್ ಕಟ್ಟೆ ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ ಈ ಕೆಲಸಕ್ಕೆ ಮರದ ಮಣೆಗಿಂತ ಒಳ್ಳೆಯದು. ಬೇಕರಿಗಳಲ್ಲಿ ಬೆಣ್ಣೆಯ ಬದಲು ಹೆಚ್ಚು ಶಾಖದಲ್ಲಿ ಕರಗುವ ಪಫ್ ಮಾರ್ಗರಿನ್ ಎಂಬ ಸಂಸ್ಕರಿಸಿದ ಕೊಬ್ಬನ್ನು ಬಳಸುವುದಕ್ಕೆ ಬೆಲೆಯಷ್ಟೇ ಈ ಅನುಕೂಲವೂ ಕಾರಣ. ಆದರೆ ಅದು ಬಾಯಿಯ ಶಾಖಕ್ಕೆ ಪೂರ್ತಿ ಕರಗದೆ ಅಂಗುಳಿಗೆ ಮೆತ್ತಿದಂತಾಗುತ್ತದೆ.

ಹೂರಣ

ಸಾಸೇಜ್ ಎಂದರೆ ಕೊಚ್ಚಿದ ಮಾಂಸ, ಕೊಬ್ಬು, ಉಪ್ಪು ಮತ್ತು ಮಸಾಲೆಗಳ ಮಿಶ್ರಣ. ಸಾಂಪ್ರದಾಯಿಕವಾಗಿ ಇದನ್ನು ಪ್ರಾಣಿಯ ಕರುಳಿನ ತೆಳು ಕೊಳವೆಯಲ್ಲಿ ತುಂಬುತ್ತಾರೆ. ರೋಲಿಗೆ ಕೊಳವೆಯ ಅಗತ್ಯವಿಲ್ಲ. ಉಪ್ಪು ಇಲ್ಲಿ ರುಚಿಗಷ್ಟೇ ಅಲ್ಲ: ಮಾಂಸದ ತೂಕದ ಶೇ. 1.5ರಿಂದ 2ರಷ್ಟು ಉಪ್ಪು ಹಾಕಿ ನಾದಿದಾಗ ಮಾಂಸದ ಪ್ರೋಟೀನು ಸ್ವಲ್ಪ ಕರಗಿ ಅಂಟಾಗುವುದರಿಂದ ಹೂರಣ ಬೆಂದ ಮೇಲೆ ಪುಡಿಯಾಗದೆ ಒಂದಾಗಿ ನಿಲ್ಲುತ್ತದೆ. ಕೊಬ್ಬು ಶೇ. 20ಕ್ಕಿಂತ ತೀರ ಕಡಿಮೆಯಾದರೆ ಹೂರಣ ಒಣಕಲಾಗುತ್ತದೆ; ಆದ್ದರಿಂದ ಕೋಳಿಯ ಎದೆಮಾಂಸಕ್ಕಿಂತ ತೊಡೆಯ ಮಾಂಸ ಇದಕ್ಕೆ ಸೂಕ್ತ.

ಬ್ರಿಟಿಷ್ ಸಾಸೇಜಿನಲ್ಲಿ ರಸ್ಕಿನ ಪುಡಿ ಕಡ್ಡಾಯವೆನ್ನುವಷ್ಟು ಬಳಕೆಯಲ್ಲಿದೆ. ಬೇಯುವಾಗ ಒಸರುವ ರಸವನ್ನೂ ಕರಗಿದ ಕೊಬ್ಬನ್ನೂ ಅದು ಹೀರಿಕೊಳ್ಳುತ್ತದೆ. ಹಳೆ ಮೈಸೂರು ಸೀಮೆಯ ಕೈಮಾ ಉಂಡೆಯಲ್ಲಿ ಹುರಿಗಡಲೆಯ ಪುಡಿ ಮಾಡುವುದು ಇದೇ ಕೆಲಸ. ಹೀಗಾಗಿ ಮನೆಯ ರೋಲಿಗೆ ಕೈಮಾ ಉಂಡೆಯ ಮಿಶ್ರಣವೇ ಸಿದ್ಧ ಹೂರಣವಾಗಬಲ್ಲದು: ಅರ್ಧ ಕೆ.ಜಿ. ಕೈಮಾಗೆ 8ರಿಂದ 9 ಗ್ರಾಂ ಉಪ್ಪು, ಸುಮಾರು 40 ಗ್ರಾಂ ಹುರಿಗಡಲೆ ಪುಡಿ, ಬಾಡಿಸಿ ಆರಿಸಿದ 100 ಗ್ರಾಂ ಈರುಳ್ಳಿ, ಎರಡು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಪುದೀನ, ಒಂದು ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಚಕ್ಕೆ ಲವಂಗದ ಪುಡಿ ಸಾಕಾಗುತ್ತವೆ. ಉಂಡೆಗೆ ಹಾಕುವ ತೆಂಗಿನಕಾಯಿ ತುರಿಯನ್ನು ಮಾತ್ರ ಇಲ್ಲಿ ಬಿಡುವುದು ಅಥವಾ ಹುರಿದು ಹಾಕುವುದು ಉತ್ತಮ. ಹಸಿ ತುರಿಯ ಹಾಲು ಕೆಳಗಿನ ಪದರವನ್ನು ನೆನೆಸುತ್ತದೆ. ಈರುಳ್ಳಿಯನ್ನು ಹಸಿಯಾಗಿ ಹಾಕದೆ ಬಾಡಿಸಿ ನೀರಿಂಗಿಸುವುದಕ್ಕೂ ಇದೇ ಕಾರಣ. ಕಲಸಿದ ಮಿಶ್ರಣದ ಒಂದು ಚಿಕ್ಕ ತುಂಡನ್ನು ಕಾವಲಿಯ ಮೇಲೆ ಬೇಯಿಸಿ ರುಚಿ ನೋಡಿದರೆ ಉಪ್ಪು ಖಾರಗಳನ್ನು ಮೊದಲೇ ಸರಿಪಡಿಸಬಹುದು. ಹಸಿ ಕೈಮಾವನ್ನು ಬಾಯಿಗಿಟ್ಟು ನೋಡಬಾರದು.

ಮನೆಯಲ್ಲಿ ತಯಾರಿಸುವ ಕ್ರಮ

ಸುಮಾರು 18 ಚಿಕ್ಕ ರೋಲುಗಳಿಗೆ 200 ಗ್ರಾಂ ಮೈದಾ, 4 ಗ್ರಾಂ ಉಪ್ಪು, 20 ಗ್ರಾಂ ಬೆಣ್ಣೆ, ಒಂದು ಚಮಚ ನಿಂಬೆ ರಸ, 100 ಮಿ.ಲೀ. ತಣ್ಣೀರು, ಪದರಕ್ಕೆಂದು ಪ್ರತ್ಯೇಕವಾಗಿ 140 ಗ್ರಾಂ ಉಪ್ಪಿಲ್ಲದ ಗಟ್ಟಿ ಬೆಣ್ಣೆ ಬೇಕು. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಹೆಚ್ಚಿರುವುದರಿಂದ ಅದು ಲಟ್ಟಿಸುವಾಗ ನೀರೊಡೆಯುತ್ತದೆ, ಕನಿಷ್ಠ ಶೇ. 80ರಷ್ಟು ಕೊಬ್ಬಿರುವ ಡೇರಿ ಬೆಣ್ಣೆ ಇದಕ್ಕೆ ತಕ್ಕುದು.

ಮೈದಾ, ಉಪ್ಪು ಮತ್ತು 20 ಗ್ರಾಂ ಬೆಣ್ಣೆಯನ್ನು ಬೆರಳಲ್ಲಿ ಉಜ್ಜಿ, ನಿಂಬೆ ರಸ ಬೆರೆಸಿದ ನೀರು ಹಾಕಿ, ಚಪಾತಿ ಹಿಟ್ಟಿಗಿಂತ ಕಡಿಮೆ ನಾದಿ, ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಪದರದ ಬೆಣ್ಣೆಯನ್ನು ಎರಡು ಬೆಣ್ಣೆಕಾಗದಗಳ ನಡುವಿಟ್ಟು ಲಟ್ಟಣಿಗೆಯಿಂದ ಬಡಿದು 12 ಸೆಂ.ಮೀ. ಚೌಕದ ಹಲಗೆಯಾಗಿಸಿ ತಣಿಸಬೇಕು. ಹಿಟ್ಟನ್ನು 18 ಸೆಂ.ಮೀ. ಚೌಕಕ್ಕೆ ಲಟ್ಟಿಸಿ, ಬೆಣ್ಣೆಯನ್ನು ಅದರ ಮೇಲೆ ಓರೆಯಾಗಿ, ಬೆಣ್ಣೆಯ ಮೂಲೆಗಳು ಹಿಟ್ಟಿನ ಅಂಚುಗಳತ್ತ ಬರುವಂತೆ ಇಟ್ಟು, ಹಿಟ್ಟಿನ ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿ ಲಕೋಟೆಯಂತೆ ಮುಚ್ಚಬೇಕು. ಇದನ್ನು 15 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆ ಹಾಕಿದರೆ ಒಂದು ಸುತ್ತು ಮುಗಿಯುತ್ತದೆ. ಪ್ರತಿ ಸಲವೂ ಹಿಟ್ಟನ್ನು ಕಾಲು ಸುತ್ತು ತಿರುಗಿಸಿ ಲಟ್ಟಿಸಬೇಕು. ಎರಡು ಸುತ್ತುಗಳಾದ ಮೇಲೆ, ಸೆಕೆಗಾಲದಲ್ಲಿ ಪ್ರತಿ ಸುತ್ತಿಗೂ, ಅರ್ಧ ಗಂಟೆ ಫ್ರಿಜ್ಜಿನಲ್ಲಿ ಬಿಡಬೇಕು. ರೋಲಿಗೆ ನಾಲ್ಕು ಅಥವಾ ಐದು ಸುತ್ತು ಸಾಕು. ಬೆಣ್ಣೆ ಎಲ್ಲಾದರೂ ಹೊರಗಿಣುಕಿದರೆ ಅಲ್ಲಿ ಮೈದಾ ಉದುರಿಸಿ ಕೂಡಲೇ ತಣಿಸಬೇಕು. ಅಷ್ಟು ಸಮಯವಿಲ್ಲದವರು ತಣ್ಣನೆಯ ಬೆಣ್ಣೆಯ ಚೂರುಗಳನ್ನೇ ಮೈದಾದಲ್ಲಿ ಬೆರೆಸಿ, ಚೂರುಗಳು ಕಾಣುವಂತೆಯೇ ಹಿಟ್ಟು ಕಲಸಿ, ಮೂರು ನಾಲ್ಕು ಸುತ್ತು ಮಡಿಸಬಹುದು. ಪದರಗಳು ಅಷ್ಟು ಕ್ರಮಬದ್ಧವಾಗಿರದಿದ್ದರೂ ಗರಿಗರಿಗೆ ಕೊರತೆಯಿರುವುದಿಲ್ಲ.

ತಣಿದ ಹಿಟ್ಟನ್ನು ಮೂರ್ನಾಲ್ಕು ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಅಂಚು ಕತ್ತರಿಸಿ 36 x 30 ಸೆಂ.ಮೀ. ಅಳತೆಗೆ ತಂದು, 12 ಸೆಂ.ಮೀ. ಅಗಲದ ಮೂರು ಪಟ್ಟಿಗಳಾಗಿ ಕೊಯ್ಯಬೇಕು. ಅಂಚು ಕತ್ತರಿಸುವುದು ಅಂದಕ್ಕಲ್ಲ. ಮಡಿಕೆಯ ಅಂಚು ಹಾಗೇ ಉಳಿದರೆ ಪದರಗಳು ಅಲ್ಲಿ ಬಿಡಿಸಿಕೊಳ್ಳದೆ ಒಂದು ಬದಿ ಮಾತ್ರ ಉಬ್ಬುತ್ತದೆ. ಪ್ರತಿ ಪಟ್ಟಿಯ ಉದ್ದಕ್ಕೂ ಮೂರು ಸೆಂ.ಮೀ. ದಪ್ಪದ ಹುರಿಯಂತೆ ಹೂರಣವನ್ನಿಟ್ಟು, ಒಂದು ಅಂಚಿಗೆ ನೀರು ಸವರಿ, ಇನ್ನೊಂದನ್ನು ಅದರ ಮೇಲೆ ತಂದು ಒತ್ತಿ, ಕೂಡುಗೆರೆ ಅಡಿಗೆ ಬರುವಂತೆ ಹೊರಳಿಸಬೇಕು. ಐದೈದು ಸೆಂ.ಮೀ.ಗೆ ಒಂದರಂತೆ ಹರಿತವಾದ ಚಾಕುವಿನಿಂದ ತುಂಡು ಮಾಡಿ, ಮೇಲ್ಭಾಗದಲ್ಲಿ ಹಬೆ ಹೋಗಲು ಎರಡು ಗೀರು ಹಾಕಿ, ಕದಡಿದ ಮೊಟ್ಟೆಯನ್ನು ಸವರಬೇಕು. ಮೊಟ್ಟೆ ಬದಿಗಳಿಗೆ ಇಳಿದರೆ ಪದರಗಳನ್ನು ಅಂಟಿಸಿಬಿಡುವುದರಿಂದ ಮೇಲ್ಮೈಗೆ ಮಾತ್ರ ಸವರುವುದು ವಾಡಿಕೆ.

ಬೇಯಿಸುವಿಕೆ ಮತ್ತು ದೋಷಗಳು

ಮನೆಬಳಕೆಯ ಓಟಿಜಿ, ಎಂದರೆ ವಿದ್ಯುತ್ ಸುರುಳಿಗಳ ಓವನ್, 200ರಿಂದ 210 ಡಿಗ್ರಿಗೆ ಪೂರ್ತಿ ಕಾದ ಮೇಲೆ ರೋಲುಗಳನ್ನಿಟ್ಟು 20 ನಿಮಿಷ, ಅನಂತರ 180 ಡಿಗ್ರಿಗೆ ಇಳಿಸಿ 10ರಿಂದ 15 ನಿಮಿಷ ಬೇಯಿಸಬೇಕು. ಒಂದೇ ಬಾರಿಗೆ ಹಿಡಿಸದಿದ್ದರೆ ಉಳಿದವು ಸರದಿ ಬರುವವರೆಗೆ ಫ್ರಿಜ್ಜಿನಲ್ಲಿರಬೇಕು. ಮೈಕ್ರೋವೇವ್ ಮಾತ್ರವೇ ಇರುವ ಒಲೆಯಲ್ಲಿ ಹೊರಮೈ ಗರಿಯಾಗುವುದಿಲ್ಲ. ಬಿಸಿಗಾಳಿಯ ಕನ್ವೆಕ್ಷನ್ ಸೌಲಭ್ಯ ಬೇಕಾಗುತ್ತದೆ. ಬಣ್ಣ ಬಂದ ಮಾತ್ರಕ್ಕೆ ಒಳಗೆ ಬೆಂದಿದೆಯೆಂದು ಹೇಳಲಾಗದು. ಹೂರಣದ ನಡುವಿನ ಶಾಖ ಕುರಿ ಅಥವಾ ಹಂದಿಯ ಕೈಮಾಗೆ 71, ಕೋಳಿಗೆ 74 ಡಿಗ್ರಿ ಮುಟ್ಟಬೇಕು. ಇಡಿ ಮಾಂಸದಲ್ಲಿ ಸೂಕ್ಷ್ಮಜೀವಿಗಳು ಬಹುಪಾಲು ಮೇಲ್ಮೈಯಲ್ಲಿದ್ದರೆ, ಕೊಚ್ಚಿದಾಗ ಅವು ಒಳಗೆಲ್ಲ ಹರಡುವುದೇ ಈ ಎಚ್ಚರಿಕೆಗೆ ಕಾರಣ.

ಸಾಮಾನ್ಯ ದೋಷಗಳನ್ನು ಅವುಗಳ ಕಾರಣದಿಂದ ಗುರುತಿಸಬಹುದು. ತಟ್ಟೆಯಲ್ಲಿ ಬೆಣ್ಣೆ ನಿಂತಿದ್ದರೆ ಓವನ್ ಸಾಕಷ್ಟು ಕಾದಿರಲಿಲ್ಲ ಅಥವಾ ಹಿಟ್ಟು ಬೆಚ್ಚಗಿತ್ತು. ಅಡಿ ಹಸಿಹಸಿಯಾಗಿದ್ದರೆ ಹೂರಣದಲ್ಲಿ ನೀರು ಹೆಚ್ಚು. ರೋಲ್ ಕುಗ್ಗಿದರೆ ಲಟ್ಟಿಸಿದ ಹಿಟ್ಟಿಗೆ ವಿಶ್ರಾಂತಿ ಸಾಲದೆ ಗ್ಲುಟೆನ್ ಬಿಗಿಯಾಗಿಯೇ ಉಳಿದಿದೆ. ಪದರಗಳೇ ಕಾಣದೆ ಬಿಸ್ಕತ್ತಿನಂತಾದರೆ ಬೆಣ್ಣೆ ಲಟ್ಟಿಸುವಾಗಲೇ ಹಿಟ್ಟಿನಲ್ಲಿ ಕರಗಿಹೋಗಿದೆ.

ಸಸ್ಯಾಹಾರಿ ರೂಪ

ಇದೇ ಹಿಟ್ಟಿನಲ್ಲಿ ಪಲ್ಯದ ಪಫ್ಸ್ ಮಾಡುವಾಗ ಹೂರಣ ಮೊದಲೇ ಬೆಂದಿರುವುದರಿಂದ ಲಕ್ಷ್ಯವೆಲ್ಲ ಪದರದ ಮೇಲಿದ್ದರೆ ಸಾಕು. ಬೇಯಿಸಿದ ಆಲೂಗೆಡ್ಡೆಯನ್ನು ಪೂರ್ತಿ ನುಣ್ಣಗೆ ಮಾಡದೆ ಒರಟಾಗಿ ಹಿಸುಕಿ, ಬಾಡಿಸಿದ ತರಕಾರಿ, ಹಸಿಮೆಣಸು, ಗರಂ ಮಸಾಲೆ ಬೆರೆಸಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಬಿಸಿ ಪಲ್ಯ ಬೆಣ್ಣೆಯನ್ನು ಕರಗಿಸುತ್ತದೆ. ಮಾಂಸದ ಕಚ್ಚು ಬೇಕೆನ್ನುವವರು ನೆನೆಸಿ ಹಿಂಡಿದ ಸೋಯಾ ಹರಳುಗಳನ್ನು ಬಳಸಬಹುದು. ಮೇಲೆ ಸವರಲು ಮೊಟ್ಟೆಯ ಬದಲು ಚಿಟಿಕೆ ಸಕ್ಕರೆ ಬೆರೆಸಿದ ಹಾಲು ಸಾಕು.

ಸಂಗ್ರಹ, ಆರೋಗ್ಯ ಮತ್ತು ನಿಯಮಗಳು

ಬೇಯಿಸದ ರೋಲುಗಳನ್ನು ಒಂದಕ್ಕೊಂದು ತಾಗದಂತೆ ಗಟ್ಟಿಯಾಗಿಸಿ, ಗಾಳಿಯಾಡದ ಚೀಲದಲ್ಲಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಒಂದೆರಡು ತಿಂಗಳು ಇಡಬಹುದು. ಬೇಯಿಸುವಾಗ ಕರಗಿಸದೆ ನೇರವಾಗಿ ಓವನ್ನಿಗಿಟ್ಟು ಐದಾರು ನಿಮಿಷ ಹೆಚ್ಚು ಕೊಡಬೇಕು. ಬೆಂದ ರೋಲುಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸುವುದು ಒಳ್ಳೆಯದು.

ಮೇಲಿನ ಅಳತೆಯ ಒಂದು ರೋಲಿನಲ್ಲಿ ಬೆಣ್ಣೆಯಿಂದಲೇ ಸುಮಾರು 7 ಗ್ರಾಂ ಕೊಬ್ಬು ಬರುತ್ತದೆ, ಮಾಂಸದ ಕೊಬ್ಬು ಇದರ ಮೇಲೆ ಸೇರುತ್ತದೆ. ಆದ್ದರಿಂದ ಇದು ನಿತ್ಯದ ತಿಂಡಿಯಲ್ಲ. ವನಸ್ಪತಿ ಮತ್ತು ಮಾರ್ಗರಿನ್‌ಗಳ ವಿಷಯದಲ್ಲಿ ಹೆಚ್ಚಿನ ಆತಂಕವಿದ್ದದ್ದು ಟ್ರಾನ್ಸ್ ಕೊಬ್ಬಿನ ಬಗ್ಗೆ. ಎಣ್ಣೆಯನ್ನು ಭಾಗಶಃ ಹೈಡ್ರೋಜನೀಕರಿಸಿದಾಗ ಉಂಟಾಗುವ ಈ ಕೊಬ್ಬು ಹೃದ್ರೋಗದ ಅಪಾಯವನ್ನು ಹೆಚ್ಚಿಸುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರ ಜನವರಿಯಿಂದ ಶೇ. 3ಕ್ಕೂ, 2022ರ ಜನವರಿಯಿಂದ ಶೇ. 2ಕ್ಕೂ ಇಳಿಸಿತು. ಪೊಟ್ಟಣದಲ್ಲಿ ಮಾರುವಾಗ ಸಸ್ಯಾಹಾರಕ್ಕೆ ಹಸಿರು ವೃತ್ತದ, ಮಾಂಸಾಹಾರಕ್ಕೆ ಕಂದು ತ್ರಿಕೋನದ ಗುರುತು ಇರಬೇಕು. ಮೊಟ್ಟೆಯೂ ಮಾಂಸಾಹಾರದ ಪಟ್ಟಿಯಲ್ಲಿರುವುದರಿಂದ ಒಳಗೆ ಬರೀ ಪಲ್ಯವಿದ್ದರೂ ಮೇಲೆ ಮೊಟ್ಟೆ ಸವರಿದ ಪಫ್ಸಿಗೆ ಹಸಿರು ಗುರುತು ಹಾಕುವಂತಿಲ್ಲ.

ಕಸುಬನ್ನು ಕ್ರಮವಾಗಿ ಕಲಿಯಬಯಸುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದ ಬೇಕರಿ ತರಬೇತಿ ಘಟಕದಲ್ಲಿ ಅಲ್ಪಾವಧಿಯ ಶಿಕ್ಷಣ ನೀಡುತ್ತದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಹಿಟ್ಟಿನ ಗಿರಣಿ ಮತ್ತು ಬೇಕಿಂಗ್ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬೇಕರಿಯ ಪಫ್ಸ್ ಅಗ್ಗವಾಗಿ ಎಲ್ಲೆಡೆ ಸಿಗುತ್ತಿರುವಾಗ ಮನೆಯಲ್ಲಿ ಅರ್ಧ ದಿನ ಕಳೆದು ರೋಲ್ ಮಾಡುವುದಕ್ಕೆ ಉಳಿತಾಯ ಕಾರಣವಾಗಲಾರದು. ಮಾರ್ಗರಿನ್ ಬದಲು ಬೆಣ್ಣೆಯನ್ನು, ಯಾವ ಮಾಂಸ, ಎಷ್ಟು ಉಪ್ಪು, ಎಷ್ಟು ಖಾರ ಎಂಬುದನ್ನು ತಿನ್ನುವವರೇ ಆಯ್ದುಕೊಳ್ಳಬಹುದೆಂಬುದೇ ಮನೆಯ ತಯಾರಿಕೆಯ ನಿಜವಾದ ಲಾಭ.